ಬಾಂಧವ್ಯಸೂಚಕ ಕೊಂಡಿಗಳು: ಕುರಿಕ್ಯಾಲದ ಬಂಡೆಯೂ ಅಂತರ್ಜಾಲವೂ

ಹೈದರಾಬಾದಿನ ಉತ್ತರಕ್ಕೆ, ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲದಲ್ಲಿ ಕುರಿಕ್ಯಾಲವೆಂಬ ಗ್ರಾಮವಿದೆ. ಅದರ ಸಮೀಪದ ಬೊಮ್ಮಲಗುಟ್ಟವೆಂಬ ಬೆಟ್ಟದ ಬಂಡೆಯ ಮೇಲೆ ಜಿನಮೂರ್ತಿಗಳನ್ನೂ ಚಕ್ರೇಶ್ವರಿಯನ್ನೂ ಕಡೆದಿದ್ದಾರೆ. ಅಲ್ಲಿಯೇ ಕನ್ನಡ, ಸಂಸ್ಕೃತ, ತೆಲುಗು ಈ ಮೂರು ಭಾಷೆಗಳ ಒಂದು ಶಾಸನವೂ ಇದೆ. ಹತ್ತನೆಯ ಶತಮಾನದ ನಡುಗಾಲಕ್ಕೆ ಸೇರಿದ ಈ ಶಾಸನವನ್ನು ಬರೆಯಿಸಿದವನು ಜಿನವಲ್ಲಭ. ತಾನು ತ್ರಿಭುವನತಿಲಕವೆಂಬ ಬಸದಿಯನ್ನೂ ಕವಿತಾಗುಣಾರ್ಣವವೆಂಬ ಕೆರೆಯನ್ನೂ ಮದನವಿಳಾಸವೆಂಬ ಬನವನ್ನೂ ಮಾಡಿಸಿದುದನ್ನು ಅವನು ಅಲ್ಲಿ ಹೇಳಿಕೊಂಡಿದ್ದಾನೆ. ಇಂತಹ ಧರ್ಮಕಾರ್ಯಗಳನ್ನು ಮಾಡಿಸಿ ಬಂಡೆಯ ಮೇಲೆ ಬರೆಯಿಸಿದವರು ಕನ್ನಡ ನಾಡಿನಲ್ಲಿಯೂ ತೆಲುಗು ನಾಡಿನಲ್ಲಿಯೂ ಸಾವಿರಾರು ಮಂದಿ. ಜಿನವಲ್ಲಭನ ಹೆಸರು ಮಾತ್ರ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಉಳಿಯಲು ಕಾರಣ ಕೆರೆಯಲ್ಲ, ಬಸದಿಯಲ್ಲ. ತಾನು ಪಂಪನ ತಮ್ಮನೆಂದು ಅವನು ಹೇಳಿಕೊಂಡ ಒಂದು ಮಾತು.

ಆ ಒಂದು ಮಾತಿನಿಂದ ಎಷ್ಟು ವಿಷಯಗಳು ಬೆಳಕಿಗೆ ಬಂದವೆಂಬುದನ್ನು ನೆನೆಯಬೇಕು. ಆದಿಕವಿಗೆ ಒಬ್ಬ ತಮ್ಮನಿದ್ದನೆಂಬುದು ತಿಳಿದುಬಂದದ್ದು ಈ ಬಂಡೆಯಿಂದಲೇ. ತಾಯಿಯ ಹೆಸರು ಅಬ್ಬಣಬ್ಬೆಯೆಂದೂ, ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದೂ ಗೊತ್ತಾಯಿತು. ತಂದೆಯ ಕಡೆಯ ಮೂಲ ವೆಂಗಿ ನಾಡಿನದು, ತಾಯಿಯ ಕಡೆಯದು ಧಾರವಾಡ ಸೀಮೆಯದು, ಅಗ್ರಹಾರ ದೊರೆತದ್ದು ಇಂದಿನ ತೆಲಂಗಾಣದಲ್ಲಿ. ಇಷ್ಟೆಲ್ಲವನ್ನೂ ಒಂದು ಕಡೆಗೆ ಕಟ್ಟಿ ಹಾಕಿದ್ದು ಮಗ, ಮೊಮ್ಮಗಳು, ತಮ್ಮ ಎಂಬಂತಹ ಕೆಲವೇ ಸಂಬಂಧವಾಚಕ ಪದಗಳು. ಒಬ್ಬ ವ್ಯಕ್ತಿಯ ಹೆಸರಿನಿಂದ ಇನ್ನೊಬ್ಬನ ಹೆಸರಿಗೆ ಗೆರೆಯೆಳೆದು, ಆ ಗೆರೆಯ ಮೇಲೆ ಅದು ಯಾವ ಬಗೆಯ ಗೆರೆಯೆಂಬುದನ್ನು ಬರೆಯುವ ಈ ಪದ್ಧತಿಯನ್ನು ಸಾವಿರ ವರ್ಷಗಳ ತರುವಾಯ, ಸಂಪೂರ್ಣವಾಗಿ ಬೇರೆಯಾದ ಸಾಮಗ್ರಿಯಲ್ಲಿ, ಅಂತರ್ಜಾಲದ ಕುಶಲಿಗಳು ಮತ್ತೆ ಕೈಗೊಂಡರು. ಅವರ ಪ್ರಯತ್ನದ ಸ್ವರೂಪವೇನು, ಅದು ಎಲ್ಲಿ ಸಫಲವಾಯಿತು, ಕನ್ನಡದ ನಂಟುತನದ ಎದುರಿಗೆ ಅದು ಎಲ್ಲಿ ತಡವರಿಸಿತು ಎಂಬ ಪ್ರಶ್ನೆಗಳು ವಿಚಾರಾರ್ಹವಾಗಿವೆ.

ಅಂತರ್ಜಾಲದ ಪುಟದಲ್ಲಿ ಕೊಂಡಿಯೆಂದರೆ ಏನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಓದುಗನ ಕಣ್ಣಿಗೆ ಬೀಳುವುದು ಬಣ್ಣ ಬೇರೆಯಾದ, ಅಡಿಗೆರೆಯುಳ್ಳ ಒಂದು ಪದ ಮಾತ್ರ. ಅದರ ಹಿಂದೆ, ಯಂತ್ರವು ಓದುವ ಮೂಲಪಾಠದಲ್ಲಿ, ಆ ಪದವನ್ನು ಒತ್ತಿದರೆ ಎಲ್ಲಿಗೆ ಹೋಗಬೇಕೆಂಬ ವಿಳಾಸವಿರುತ್ತದೆ. ವಿಳಾಸವು ದಾರಿಯನ್ನು ತೋರಿಸುತ್ತದೆಯೇ ಹೊರತು ಆ ದಾರಿ ಏಕೆ ಇದೆಯೆಂಬುದನ್ನು ಹೇಳುವುದಿಲ್ಲ. ತನ್ನ ತಂಗಿಯ ಪುಟಕ್ಕೆ ಒಬ್ಬನು ಕೊಟ್ಟ ಕೊಂಡಿಯೂ ರೈಲ್ವೆ ವೇಳಾಪಟ್ಟಿಗೆ ಕೊಟ್ಟ ಕೊಂಡಿಯೂ ಯಂತ್ರದ ದೃಷ್ಟಿಯಲ್ಲಿ ಒಂದೇ. ಈ ಕೊರತೆಯನ್ನು ತುಂಬುವ ಅವಕಾಶವು ಪುಟಗಳನ್ನು ಬರೆಯುವ ಭಾಷೆಯಲ್ಲಿ ಮೊದಲಿನಿಂದಲೂ ಇತ್ತು. ಕೊಂಡಿಗೆ 'ರೆಲ್' ಎಂಬ ಒಂದು ಲಕ್ಷಣವನ್ನು ಸೇರಿಸಿ, ಈ ಪುಟಕ್ಕೂ ಆ ಪುಟಕ್ಕೂ ಇರುವ ಸಂಬಂಧವನ್ನು ಒಂದು ಪದದಲ್ಲಿ ಸೂಚಿಸಬಹುದಾಗಿತ್ತು. ಇದಕ್ಕೆ ಪ್ರತಿಯಾಗಿ ವಿಲೋಮ ಸಂಬಂಧವನ್ನು ಸೂಚಿಸುವ 'ರೆವ್' ಎಂಬ ಲಕ್ಷಣವೂ ಇದ್ದು, ಅದನ್ನು ಬಳಸುವವರು ಮೇಲಿಂದ ಮೇಲೆ ತಪ್ಪುತ್ತಿದ್ದುದರಿಂದ ಆ ಭಾಷೆಯ ಐದನೆಯ ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು. ಮಗನಿಂದ ತಂದೆಗೋ ತಂದೆಯಿಂದ ಮಗನಿಗೋ ಎಂಬ ಗೊಂದಲ ಯಂತ್ರಕ್ಕಿಂತ ಮನುಷ್ಯನಿಗೇ ಹೆಚ್ಚು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ 'ರೆಲ್' ಲಕ್ಷಣವನ್ನು ಮನುಷ್ಯ ಸಂಬಂಧಗಳಿಗೆ ಅನ್ವಯಿಸಿದ ಯೋಜನೆಯ ಹೆಸರು ಎಕ್ಸ್‌ಎಚ್‌ಟಿಎಂಎಲ್ ಫ್ರೆಂಡ್ಸ್ ನೆಟ್‌ವರ್ಕ್, ಸಂಕ್ಷೇಪದಲ್ಲಿ ಎಕ್ಸ್‌ಎಫ್‌ಎನ್. ತಾಂತೆಕ್ ಚೆಲಿಕ್, ಎರಿಕ್ ಮೇಯರ್, ಮ್ಯಾಥ್ಯೂ ಮುಲೆನ್‌ವೆಗ್ ಎಂಬ ಮೂವರು 2003ರಲ್ಲಿ ಇದನ್ನು ಪ್ರಕಟಿಸಿದರು. ಆ ಕಾಲದಲ್ಲಿ ಸ್ವಂತ ಪುಟವನ್ನು ನಡೆಸುತ್ತಿದ್ದವರು ಪುಟದ ಬದಿಯಲ್ಲಿ ತಮ್ಮ ಆಪ್ತರ ಪುಟಗಳ ಪಟ್ಟಿಯೊಂದನ್ನು ಇಡುವುದು ರೂಢಿಯಾಗಿತ್ತು. ಪಟ್ಟಿಯಲ್ಲಿರುವವರು ಯಾರು, ಗೆಳೆಯರೋ ಸಹೋದ್ಯೋಗಿಗಳೋ ಒಡಹುಟ್ಟಿದವರೋ ಎಂಬುದನ್ನು ಕೊಂಡಿಯಲ್ಲಿಯೇ ಒಂದೆರಡು ಪದಗಳಲ್ಲಿ ಬರೆದರೆ, ಪುಟದಿಂದ ಪುಟಕ್ಕೆ ಸಂಚರಿಸುವ ಯಂತ್ರವು ಆ ಸಂಬಂಧಗಳನ್ನು ಹೆಣೆದು ಒಂದು ಜಾಲವನ್ನು ಕಾಣಬಲ್ಲದು. ಅದಕ್ಕೆ ಯಾವ ಮಧ್ಯಸ್ಥ ಸಂಸ್ಥೆಯೂ ಬೇಕಿಲ್ಲ. ಇದು ಅವರ ಆಲೋಚನೆ. ಇದಕ್ಕೆ ಮೂರು ವರ್ಷ ಮೊದಲು, 2000ದಲ್ಲಿ, ಡ್ಯಾನ್ ಬ್ರಿಕ್ಲಿ ಮತ್ತು ಲಿಬಿ ಮಿಲ್ಲರ್ ಆರಂಭಿಸಿದ್ದ 'ಫೋಫ್' ಎಂಬ ಯೋಜನೆಯೂ ಇದೇ ಉದ್ದೇಶದ್ದು. ಆದರೆ ಅದರಲ್ಲಿ ಸಂಬಂಧವನ್ನು ಸೂಚಿಸಲು 'ಬಲ್ಲನು' ಎಂಬ ಅರ್ಥದ ಒಂದೇ ಪದವಿದ್ದು, ಅದನ್ನು ಬೇಕೆಂದೇ ಅಸ್ಪಷ್ಟವಾಗಿ ಇಡಲಾಗಿತ್ತು. ಅದನ್ನು ಬರೆಯುವುದಕ್ಕೆ ಪ್ರತ್ಯೇಕವಾದ ಕಡತವೂ ಬೇಕಾಗಿತ್ತು. ಎಕ್ಸ್‌ಎಫ್‌ಎನ್‌ನ ಸೊಗಸು ಅದರ ಅಲ್ಪತೆಯಲ್ಲಿದೆ: ಇರುವ ಕೊಂಡಿಗೆ ಒಂದು ಪದವನ್ನು ಸೇರಿಸಿದರೆ ಮುಗಿಯಿತು.

ಅದರಲ್ಲಿರುವ ಪದಗಳು ಒಟ್ಟು 18. ಪರಿಚಯದ ಮಟ್ಟವನ್ನು ಹೇಳುವ ಮೂರು: ಸಂಪರ್ಕವುಳ್ಳವನು, ಪರಿಚಿತ, ಗೆಳೆಯ. ಮುಖತಃ ಭೇಟಿಯಾಗಿದೆಯೆಂಬುದಕ್ಕೆ ಒಂದು. ಉದ್ಯೋಗಕ್ಕೆ ಎರಡು, ನಿವಾಸಕ್ಕೆ ಎರಡು. ಕುಟುಂಬಕ್ಕೆ ಐದು: ಮಗು, ತಂದೆತಾಯಿ, ಒಡಹುಟ್ಟು, ದಂಪತಿ, ಬಂಧು. ಅನುರಾಗಕ್ಕೆ ನಾಲ್ಕು, ಇವುಗಳಲ್ಲಿ ಸ್ಫೂರ್ತಿದೇವತೆಯೆಂಬುದಕ್ಕೂ ಒಂದು ಪದವಿರುವುದನ್ನು ಕಂಡರೆ ಕವಿಗಳಿಗೆ ಸಂತೋಷವಾದೀತು. ಕೊನೆಯದು 'ಮಿ', ಎಂದರೆ 'ನಾನೇ'. ದ್ವೇಷ, ವೈರ, ಮುರಿದ ಮದುವೆ ಮೊದಲಾದುವನ್ನು ಸೂಚಿಸುವ ಪದಗಳಿಗೆ ಕರ್ತೃಗಳು ಬುದ್ಧಿಪೂರ್ವಕವಾಗಿ ಎಡೆಗೊಡಲಿಲ್ಲ. ಗೆಳೆಯನೆಂಬ ಗುರುತನ್ನು ತೆಗೆದುಹಾಕಬಹುದು. ಶತ್ರುವೆಂಬ ಗುರುತನ್ನು ಹಾಕುವಂತಿಲ್ಲ. ಈ ಸಂಯಮವು ಮೆಚ್ಚತಕ್ಕದ್ದೇ.

ಇನ್ನೆರಡು ನಿಯಮಗಳನ್ನು ಗಮನಿಸಬೇಕು. ಮೊದಲನೆಯದು, ಗುರುತು ಏಕಪಕ್ಷೀಯವಾದುದು. ಒಬ್ಬನು ಇನ್ನೊಬ್ಬನನ್ನು ಗೆಳೆಯನೆಂದು ಗುರುತಿಸಿದರೆ ಅದು ಗುರುತಿಸಿದವನ ಹೇಳಿಕೆ ಮಾತ್ರ. ಎದುರಿನವನೂ ತನ್ನ ಪುಟದಲ್ಲಿ ಹಾಗೆಯೇ ಗುರುತಿಸಿದಾಗ ಅದು ಪರಸ್ಪರವಾಗುತ್ತದೆ. ಎರಡನೆಯದು, ಕೆಲವು ವರ್ಗಗಳಲ್ಲಿ ಒಂದಕ್ಕಿಂತ ಹೆಚ್ಚು ಪದಗಳನ್ನು ಒಬ್ಬ ವ್ಯಕ್ತಿಗೆ ಹಾಕುವಂತಿಲ್ಲ. ಪರಿಚಿತನಾದವನು ಅದೇ ಕಾಲದಲ್ಲಿ ಗೆಳೆಯನಲ್ಲ. ಕುಟುಂಬವರ್ಗದಲ್ಲಿಯೂ ಅಷ್ಟೇ: ಐದರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಈ ಎರಡನೆಯ ನಿಯಮವು ಪಶ್ಚಿಮದ ಓದುಗನಿಗೆ ಸಹಜವಾಗಿ ತೋರುತ್ತದೆ. ದಕ್ಷಿಣ ಭಾರತದವನಿಗೆ ಮಾತ್ರ ತೊಡಕು ಇಲ್ಲಿಯೇ ಮೊದಲಾಗುತ್ತದೆ.

ಕನ್ನಡದಲ್ಲಿ ಅತ್ತೆಯೆಂದರೆ ತಂದೆಯ ಸೋದರಿಯೂ ಹೌದು, ಹೆಂಡತಿಯ ಅಥವಾ ಗಂಡನ ತಾಯಿಯೂ ಹೌದು. ಮಾವನೆಂದರೆ ತಾಯಿಯ ಸೋದರ, ಮತ್ತು ಮದುವೆಯಿಂದ ಬಂದ ಮಾವ. ಸೋದರಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಇದು ಪದದಾರಿದ್ರ್ಯವಲ್ಲ. ಅತ್ತೆಯ ಮಗಳನ್ನೋ ಸೋದರಮಾವನ ಮಗಳನ್ನೋ, ಅನೇಕ ಕುಲಗಳಲ್ಲಿ ಅಕ್ಕನ ಮಗಳನ್ನೂ, ಮದುವೆಯಾಗುವ ಪದ್ಧತಿಯಿದ್ದುದರಿಂದ ರಕ್ತಸಂಬಂಧವೂ ಮದುವೆಯ ಸಂಬಂಧವೂ ಒಂದೇ ಪದದೊಳಗೆ ಕೂಡಿಕೊಂಡಿವೆ. ಅಮೆರಿಕೆಯ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ಬಂಧುವಾಚಕಗಳ ಮಹಾಕೋಷ್ಟಕದಲ್ಲಿ ತಮಿಳು, ತೆಲುಗುಗಳೊಡನೆ ಕನ್ನಡದ ಪದಗಳೂ ಸೇರಿದ್ದವು. ಈ ವ್ಯವಸ್ಥೆಯ ಒಳಗಿನ ತರ್ಕವು ವಿವಾಹಸಂಬಂಧವೇ ಎಂದು ಫ್ರಾನ್ಸಿನ ಲೂಯಿ ದ್ಯೂಮೊ 1953ರಲ್ಲಿ ಪ್ರತಿಪಾದಿಸಿದರು. ಅದೇ ವರ್ಷ ಇರಾವತಿ ಕರ್ವೆಯವರ ಭಾರತೀಯ ಬಂಧುತ್ವವ್ಯವಸ್ಥೆಯ ಗ್ರಂಥವೂ ಹೊರಬಂದಿತು. ಹೀಗೆ ವಿದ್ವಾಂಸರಿಗೆ ಚೆನ್ನಾಗಿ ತಿಳಿದಿದ್ದ ಸಂಗತಿಯು ಜಾಲಶಿಲ್ಪಿಗಳ ಕಿವಿಗೆ ಬೀಳಲಿಲ್ಲವೆಂದೇ ಹೇಳಬೇಕು. ಸೋದರಮಾವನನ್ನೇ ಮದುವೆಯಾದ ಹೆಣ್ಣುಮಗಳು ಆತನ ಪುಟಕ್ಕೆ ಕೊಂಡಿ ಕೊಡುವಾಗ 'ದಂಪತಿ' ಎಂದರೆ ಹುಟ್ಟಿನ ನಂಟು ಅಳಿಸಿಹೋಗುತ್ತದೆ. 'ಬಂಧು' ಎಂದರೆ ಮದುವೆಯೇ ಮರೆಯಾಗುತ್ತದೆ.

ಒಡಹುಟ್ಟಿನ ವಿಷಯವು ಇನ್ನೂ ಸೂಕ್ಷ್ಮವಾದುದು. ಒಡಹುಟ್ಟಿದವರೆಂಬ ಸಾಮಾನ್ಯಪದ ಕನ್ನಡದಲ್ಲಿ ಇದೆಯಾದರೂ ಯಾರೂ ಯಾರನ್ನೂ ಹಾಗೆ ಕರೆಯುವುದಿಲ್ಲ. ಅಣ್ಣ, ತಮ್ಮ, ಅಕ್ಕ, ತಂಗಿ: ಹಿರಿತನ ಕಿರಿತನಗಳನ್ನು ಬಿಟ್ಟು ಬಾಯಿ ತೆರೆಯುವಂತಿಲ್ಲ. ಎಕ್ಸ್‌ಎಫ್‌ಎನ್‌ನ ವ್ಯಾಖ್ಯೆಯಂತೆ ಒಡಹುಟ್ಟೆಂದರೆ ತಂದೆತಾಯಿಗಳಲ್ಲಿ ಒಬ್ಬರನ್ನಾದರೂ ಹಂಚಿಕೊಂಡವರು. ಕನ್ನಡಿಗನಿಗೆ ದೊಡ್ಡಪ್ಪನ ಮಗನೂ ಚಿಕ್ಕಮ್ಮನ ಮಗನೂ ಅಣ್ಣನೇ. ಸೋದರಮಾವನ ಮಗ ಮಾತ್ರ ಅಣ್ಣನಲ್ಲ, ಭಾವ ಅಥವಾ ಮೈದುನ. ದೊಡ್ಡಪ್ಪನ ಮಗನನ್ನೂ ಮಾವನ ಮಗನನ್ನೂ 'ಬಂಧು' ಎಂಬ ಒಂದೇ ಚೀಲಕ್ಕೆ ಹಾಕಿದರೆ, ಯಾರ ಮನೆಯಿಂದ ಹೆಣ್ಣು ತರಬಹುದು, ಯಾರ ಮನೆಯಿಂದ ತರಲಾಗದು ಎಂಬ ನಮ್ಮ ಅಜ್ಜಿಯಂದಿರ ಮೊದಲನೆಯ ಪಾಠವೇ ನಷ್ಟವಾಗುತ್ತದೆ. ಜಿನವಲ್ಲಭನು ತನ್ನನ್ನು ಪಂಪನ ತಮ್ಮನೆಂದನಲ್ಲದೆ ಒಡಹುಟ್ಟಿದವನೆಂದು ಹೇಳಿ ಬಿಡಲಿಲ್ಲ. ಹಾಗೆ ಹೇಳಿದ್ದರೆ ಇಬ್ಬರಲ್ಲಿ ಹಿರಿಯನು ಯಾರೆಂಬುದರ ಮೇಲೆ ಇಂದು ಎಷ್ಟು ಸಂಶೋಧನಲೇಖನಗಳು ಹುಟ್ಟಿರುತ್ತಿದ್ದವೋ!

ಹೈದರಾಬಾದಿನ ಕನ್ನಡ ಮನೆಗಳಲ್ಲಿ ಈ ಪದಗಳು ಮತ್ತಷ್ಟು ಕಲೆತಿವೆ. ಬೀದರ, ಕಲಬುರಗಿ, ರಾಯಚೂರುಗಳ ಕಡೆಯಿಂದ ಬಂದ ಕುಟುಂಬಗಳಲ್ಲಿ ಕಾಕಾ, ಮೌಶಿ, ವೈನಿ ಎಂಬ ಮರಾಠಿಯ ನೆರೆಯ ಪದಗಳು ಬಳಕೆಯಲ್ಲಿವೆ. ಮೈಸೂರಿನ ಕಡೆಯವರು ಚಿಕ್ಕಪ್ಪ, ಚಿಕ್ಕಮ್ಮ, ಅತ್ತಿಗೆ ಎನ್ನುತ್ತಾರೆ. ಇಬ್ಬರೂ ಬೀದಿಗಿಳಿದರೆ ತೆಲುಗು ಮತ್ತು ಉರ್ದು. ಮಗನ ಹೆಂಡತಿಯ ಅಥವಾ ಮಗಳ ಗಂಡನ ತಂದೆತಾಯಿಗಳನ್ನು ಕನ್ನಡಿಗರು ಬೀಗ, ಬೀಗತಿ ಎನ್ನುತ್ತಾರೆ. ತೆಲುಗರು ವಿಯ್ಯಂಕುಡು, ವಿಯ್ಯಪುರಾಲು ಎನ್ನುತ್ತಾರೆ. ಉರ್ದುವಿನಲ್ಲಿ ಸಮಧಿ, ಸಮಧನ್. ಒಂದೇ ನಗರದ ಮೂರು ಭಾಷೆಗಳಲ್ಲಿಯೂ ಸ್ವಂತವಾದ ಪದವುಳ್ಳ, ಮದುವೆಯ ಮನೆಯಲ್ಲಿ ಅತಿ ಹೆಚ್ಚು ಮರ್ಯಾದೆಯನ್ನು ಅಪೇಕ್ಷಿಸುವ ಈ ಸಂಬಂಧಕ್ಕೆ ಇಂಗ್ಲಿಷಿನಲ್ಲಿ ನಿತ್ಯವ್ಯವಹಾರದ ಪದವಿಲ್ಲ, ಹದಿನೆಂಟರಲ್ಲಿಯೂ ಇಲ್ಲ. ಬೀಗರನ್ನು 'ಸಂಪರ್ಕವುಳ್ಳವರು' ಎಂದು ಗುರುತಿಸಿದವನ ಗತಿಯನ್ನು ಊಹಿಸುವುದು ಕಷ್ಟವಲ್ಲ. ಗುರುಶಿಷ್ಯರ ಸಂಬಂಧಕ್ಕೂ ಅಲ್ಲಿ ಎಡೆಯಿಲ್ಲ. ಶ್ರವಣಬೆಳಗೊಳದ ಶಾಸನಗಳು ಮುನಿಗಳ ಶಿಷ್ಯರನ್ನೂ, ಒಬ್ಬ ಗುರುವಿನ ಸಧರ್ಮರನ್ನೂ, ಗುಡ್ಡರೆಂಬ ಗೃಹಸ್ಥಶಿಷ್ಯರನ್ನೂ ಬೇರೆ ಬೇರೆ ಪದಗಳಿಂದ ಗುರುತಿಸುವಾಗ, ಈ ಹೊಸ ಪದ್ಧತಿಯಲ್ಲಿ ಗುರುವು ಸಹೋದ್ಯೋಗಿಯಾಗಿ ನಿಲ್ಲಬೇಕಾಗುತ್ತದೆ.

ಸಂಬಂಧವನ್ನು ಬರಹದಲ್ಲಿ ಗುರುತಿಸುವ ಕನ್ನಡದ ರೂಢಿಯು ಶಾಸನಗಳೊಡನೆ ಮುಗಿದುಹೋಗಲಿಲ್ಲ. ಮೊನ್ನೆ ಮೊನ್ನೆಯವರೆಗೂ ಕಾಗದದ ಒಕ್ಕಣೆಯೇ ಅದನ್ನು ನಿರ್ವಹಿಸುತ್ತಿತ್ತು. ತಂದೆಗೆ ಬರೆಯುವಾಗ ತೀರ್ಥರೂಪ, ತಾಯಿಗೆ ಮಾತೃಶ್ರೀ, ಕಿರಿಯರಿಗೆ ಚಿರಂಜೀವಿ. ತಂದೆಯಲ್ಲದಿದ್ದರೂ ತಂದೆಯ ಸ್ಥಾನದಲ್ಲಿರುವವರಿಗೆ ತೀರ್ಥರೂಪಸಮಾನ. ಈ 'ಸಮಾನ' ಎಂಬ ಒಂದು ಪದವು ಹುಟ್ಟಿನ ನಂಟನ್ನೂ ಭಾವಿಸಿಕೊಂಡ ನಂಟನ್ನೂ ಬೇರ್ಪಡಿಸುತ್ತದೆ, ಜೊತೆಗೆ ಎರಡಕ್ಕೂ ಗೌರವವನ್ನು ಸಲ್ಲಿಸುತ್ತದೆ. ಇಂತಹ ಉಪಾಯವೊಂದು ಅಂತರ್ಜಾಲದ ಯಾವ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಮದುವೆಯ ಆಹ್ವಾನಪತ್ರಿಕೆಯಾದರೋ ಗುರುತುಗಳ ಭಂಡಾರವೇ ಸರಿ: ಯಾರ ಪೌತ್ರ, ಯಾರ ಜ್ಯೇಷ್ಠಪುತ್ರ, ಯಾರ ದ್ವಿತೀಯಪುತ್ರಿ ಎಂಬುದರಲ್ಲಿ ಒಂದು ಅಕ್ಷರ ತಪ್ಪಿದರೂ ಅಚ್ಚಾದ ಐನೂರು ಪ್ರತಿಗಳನ್ನು ಬದಿಗಿಟ್ಟು ಮತ್ತೆ ಅಚ್ಚು ಹಾಕಿಸಬೇಕಾದೀತು.

ಆದರೆ ಆ ಹಳೆಯ ಒಕ್ಕಣೆಗೆ ಇನ್ನೊಂದು ಮುಖವೂ ಇತ್ತು. ವಿಧವೆಯಾದ ಹೆಂಗಸಿಗೆ ಬರೆಯುವ ಕಾಗದದ ತಲೆಯಲ್ಲಿ 'ಗಂಗಾಭಾಗೀರಥಿ ಸಮಾನರಾದ' ಎಂದು ಬರೆಯುತ್ತಿದ್ದರು. ಬರೆಯುವವನ ಮನಸ್ಸಿನಲ್ಲಿ ಅದು ಗೌರವ. ಓದುವ ಆಕೆಗೆ ಅದು ಅಂಚೆಯವನು ತಂದುಕೊಡುವ ಪ್ರತಿಯೊಂದು ಕಾಗದದಲ್ಲಿಯೂ ತನ್ನ ವೈಧವ್ಯದ ಪುನರುಚ್ಚಾರಣೆ. ಗುರುತನ್ನು ಹಾಕುವವನು ಒಬ್ಬ, ಹೊರುವವರು ಇನ್ನೊಬ್ಬರು. ಅಂತರ್ಜಾಲದ ಕೊಂಡಿಗಳ ವಿಷಯದಲ್ಲಿ ಉಂಟಾದ ನಿಜವಾದ ಬಿಕ್ಕಟ್ಟು ಪದಗಳ ಕೊರತೆಯಲ್ಲ, ಇದೇ.

ಈ ಬಿಕ್ಕಟ್ಟು ಹೇಗೆ ಹೊರಬಿದ್ದಿತೆಂಬುದನ್ನು ಕ್ರಮವಾಗಿ ನೋಡಬಹುದು. ಎಕ್ಸ್‌ಎಫ್‌ಎನ್‌ನ ಗುರುತುಗಳು ವರ್ಡ್‌ಪ್ರೆಸ್ ಎಂಬ ಪುಟರಚನೆಯ ತಂತ್ರಾಂಶದಲ್ಲಿ ಸೇರಿದ್ದರಿಂದ ಬಹುಬೇಗ ಹರಡಿದವು. ಕೊಂಡಿಯನ್ನು ಸೇರಿಸುವ ಜಾಗದಲ್ಲಿಯೇ ಗೆಳೆಯ, ನೆರೆಯವ, ಒಡಹುಟ್ಟು ಎಂದು ಆರಿಸಿಕೊಳ್ಳುವ ಚೌಕಗಳಿದ್ದವು. 2008ರಲ್ಲಿ ಗೂಗಲ್ ಸಂಸ್ಥೆಯು ಜಾಲದ ಮೇಲೆ ಚದುರಿದ್ದ ಎಕ್ಸ್‌ಎಫ್‌ಎನ್ ಮತ್ತು ಫೋಫ್ ಗುರುತುಗಳನ್ನೆಲ್ಲ ಸಂಗ್ರಹಿಸಿ, ಕೇಳಿದವರಿಗೆ ಒದಗಿಸುವ ಒಂದು ಸೇವೆಯನ್ನು ಆರಂಭಿಸಿತು. ಒಬ್ಬೊಬ್ಬನು ತನ್ನ ಮನೆಯ ಬಾಗಿಲಿನಲ್ಲಿ ಬರೆದುಕೊಂಡದ್ದನ್ನು ಒಟ್ಟುಗೂಡಿಸಿ ಊರಿನ ನಕ್ಷೆಯನ್ನು ಮಾಡಿದಂತಾಯಿತು. ಚದುರಿದ್ದಾಗ ಯಾರನ್ನೂ ಬಾಧಿಸದ ಸಂಗತಿಯು ಒಟ್ಟಾದಾಗ ಬಾಧಿಸಬಲ್ಲದು. ಆ ಸೇವೆ 2012ರಲ್ಲಿ ನಿಂತುಹೋಯಿತು. ವರ್ಡ್‌ಪ್ರೆಸ್ ಸಹ ಅದೇ ವರ್ಷದ ಕೊನೆಯಲ್ಲಿ ಕೊಂಡಿಗಳ ಪಟ್ಟಿಯ ಆ ಭಾಗವನ್ನು ಹೊಸ ಬಳಕೆದಾರರಿಗೆ ಕಾಣದಂತೆ ಮಾಡಿತು.

ಅಷ್ಟರಲ್ಲಿ ಜನರು ತಮ್ಮ ಸ್ವಂತ ಪುಟಗಳನ್ನು ಬಿಟ್ಟು ದೊಡ್ಡ ದೊಡ್ಡ ಸಂಸ್ಥೆಗಳ ಅಂಗಳದಲ್ಲಿ ನೆರೆದಿದ್ದರು. 2004ರಲ್ಲಿ ಹುಟ್ಟಿ ಭಾರತದಲ್ಲಿ ಅಪಾರ ಜನಪ್ರಿಯತೆಯನ್ನು ಪಡೆದು 2014ರಲ್ಲಿ ಮುಚ್ಚಿಹೋದ ಆರ್ಕುಟ್‌ನಲ್ಲಿ ಗೆಳೆತನಕ್ಕೇ ಹಲವು ಮೆಟ್ಟಿಲುಗಳಿದ್ದವು. ಫೇಸ್‌ಬುಕ್‌ನಲ್ಲಿ ಒಬ್ಬರನ್ನು ಬಂಧುವೆಂದು ಬರೆದರೆ ಅವರು ಒಪ್ಪಿದ ಮೇಲೆಯೇ ಅದು ಊರ್ಜಿತವಾಗುತ್ತದೆ. ಒಪ್ಪಿಗೆಯ ದೃಷ್ಟಿಯಿಂದ ಇದು ಎಕ್ಸ್‌ಎಫ್‌ಎನ್‌ಗಿಂತ ಮೇಲು. ಆದರೆ ಇಲ್ಲಿ ಬಾಗಿಲು ತನ್ನದಲ್ಲ. ಬರೆದದ್ದು ಬೇರೊಬ್ಬರ ಉಗ್ರಾಣದಲ್ಲಿ ಸೇರುತ್ತದೆ.

ಈ ಸಂಕ್ರಮಣದ ಒಂದು ಘಟ್ಟವು ಹೈದರಾಬಾದಿನಲ್ಲಿಯೇ ನಡೆಯಿತೆಂಬುದನ್ನು ಇಲ್ಲಿಯ ಕನ್ನಡಿಗರು ನೆನಪಿಡಬಹುದು. ವಿಶ್ವವ್ಯಾಪಿ ಜಾಲದ ಅಂತರರಾಷ್ಟ್ರೀಯ ಸಮ್ಮೇಳನದ 20ನೆಯ ಅಧಿವೇಶನವು 2011ರ ಮಾರ್ಚ್ 28ರಿಂದ ಏಪ್ರಿಲ್ 1ರವರೆಗೆ ಈ ನಗರದಲ್ಲಿ ಸೇರಿತ್ತು. ಅಲ್ಲಿ ಮಂಡಿತವಾದ ಪ್ರಬಂಧಗಳಲ್ಲಿ ಕೆಲವನ್ನು ನೋಡಿದರೆ ಗಾಳಿಯ ದಿಕ್ಕು ತಿಳಿಯುತ್ತದೆ. ಆಗ ಟ್ವಿಟರ್ ಎಂಬ ಹೆಸರಿನಲ್ಲಿದ್ದ ತಾಣದಲ್ಲಿ ಯಾರು ಯಾರಿಗೆ ಏನನ್ನು ಹೇಳುತ್ತಾರೆಂಬುದನ್ನು ಪರಿಶೀಲಿಸಿದ ಒಂದು ಪ್ರಬಂಧವು, ಜನರ ಕಣ್ಣಿಗೆ ಬೀಳುವ ಕೊಂಡಿಗಳಲ್ಲಿ ಸುಮಾರು ಅರ್ಧದಷ್ಟು ಕೇವಲ 20,000 ಮಂದಿ ಗಣ್ಯ ಬಳಕೆದಾರರಿಂದ ಹೊರಡುತ್ತವೆಯೆಂದು ತೋರಿಸಿತು. ಒಬ್ಬನು ಇನ್ನೊಬ್ಬನನ್ನು ಯಾವಾಗ ಹಿಂಬಾಲಿಸಲಾರಂಭಿಸಿದನೆಂಬುದನ್ನು ಪಟ್ಟಿಯ ಕ್ರಮದಿಂದಲೇ ಊಹಿಸಬಹುದೆಂದು ಇನ್ನೊಂದು ಪ್ರಬಂಧ ಪ್ರತಿಪಾದಿಸಿತು. ಜನರು ತಮ್ಮ ಸಂಬಂಧವನ್ನು ತಾವೇ ಬಾಯಿಬಿಟ್ಟು ಹೇಳುವವರೆಗೆ ಕಾಯುವ ಅಗತ್ಯವೇ ಇಲ್ಲ, ನಡವಳಿಕೆಯಿಂದ ಯಂತ್ರವೇ ತೀರ್ಮಾನಿಸಬಲ್ಲದು ಎಂಬ ಕಾಲ ಬಂದಿತ್ತು. ಅದೇ ಸಮ್ಮೇಳನ ನಡೆಯುತ್ತಿದ್ದಾಗ, ಮಾರ್ಚ್ 30ರಂದು, ಅಮೆರಿಕೆಯ ವ್ಯಾಪಾರ ಆಯೋಗವು ಗೂಗಲ್ ಸಂಸ್ಥೆಯೊಡನೆ 'ಬಝ್' ಎಂಬ ಸೇವೆಯ ವಿಷಯದಲ್ಲಾದ ಒಪ್ಪಂದವನ್ನು ಪ್ರಕಟಿಸಿತು. 2010ರಲ್ಲಿ ಆರಂಭವಾದ ಆ ಸೇವೆಯು ಒಬ್ಬನು ಯಾರೊಡನೆ ಹೆಚ್ಚಾಗಿ ಪತ್ರವ್ಯವಹಾರ ಮಾಡುತ್ತಾನೋ ಅವರನ್ನೇ ಅವನ ಆಪ್ತರೆಂದು ತಾನಾಗಿ ಪಟ್ಟಿಮಾಡಿ, ಆ ಪಟ್ಟಿ ಇತರರಿಗೂ ಕಾಣುವಂತೆ ಮಾಡಿತ್ತು. ಪತ್ರಗಳ ಸಂಖ್ಯೆಯಿಂದ ಆಪ್ತತೆಯನ್ನು ಅಳೆಯಹೊರಟರೆ ವಕೀಲನೂ ವೈದ್ಯನೂ ಮುನಿಸಿಕೊಂಡ ದಾಯಾದಿಯೂ ಆಪ್ತರೇ ಆಗುತ್ತಾರೆ. ಎಕ್ಸ್‌ಎಫ್‌ಎನ್‌ನ ಹದಿನೆಂಟು ಪದಗಳು ಎಷ್ಟೇ ಬಡವಾಗಿದ್ದರೂ ಅವುಗಳನ್ನು ಬರೆಯುವವನು ಮನುಷ್ಯನೇ ಆಗಿದ್ದನು. ಬರೆಯದೆ ಬಿಡುವ ಅಧಿಕಾರವೂ ಅವನಿಗಿತ್ತು. ಇದನ್ನು ಅಲ್ಪವೆಂದು ಎಣಿಸಲಾಗದು.

ಬರೆಯದೆ ಬಿಡುವ ಈ ಅಧಿಕಾರಕ್ಕೆ ಭಾರತದ ಕಾನೂನಿನಲ್ಲಿ ಎಷ್ಟು ಬೆಂಬಲವಿದೆ? ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಒಬ್ಬ ವ್ಯಕ್ತಿಯು ತನ್ನ ಮನೆವಾರ್ತೆಗಾಗಿ ಮಾಡುವ ಬಳಕೆಯನ್ನೂ, ತನ್ನ ವಿಷಯವನ್ನು ತಾನೇ ಬಹಿರಂಗಪಡಿಸಿದುದನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸಂಬಂಧದ ವಿಷಯದಲ್ಲಿ ಈ ಗೆರೆಯನ್ನು ಎಳೆಯುವುದು ಸುಲಭವಲ್ಲ. 'ಈಕೆ ನನ್ನ ಅಕ್ಕ' ಎಂದು ತಮ್ಮನು ಬರೆದಾಗ ಅವನು ತನ್ನ ವಿಷಯವನ್ನೂ ಹೇಳಿದನು, ಅಕ್ಕನ ವಿಷಯವನ್ನೂ ಹೇಳಿದನು. ಅರ್ಧ ಅವನದು, ಅರ್ಧ ಆಕೆಯದು; ಅವನ ಅರ್ಧವನ್ನು ಮಾತ್ರ ಪ್ರಕಟಿಸುವ ಉಪಾಯವಿಲ್ಲ. ಗಂಡನ ಮನೆಯನ್ನು ಬಿಟ್ಟು ಬಂದು ಬೇರೆ ಊರಿನಲ್ಲಿ ನೆಮ್ಮದಿಯಾಗಿರುವ ಹೆಣ್ಣುಮಗಳೊಬ್ಬಳ ನೆಲೆಯನ್ನು ಆಕೆಯ ತಮ್ಮನ ಪುಟದ ಒಂದು ನಿರುಪದ್ರವಿ ಕೊಂಡಿಯು ತೋರಿಸಿಕೊಡಬಹುದು. ತಾಯಿಯ ತವರಿನ ಹೆಸರನ್ನು ಬಹುಕಾಲ ಗುಪ್ತಪದದಂತೆ ಬಳಸುತ್ತಿದ್ದ ಬ್ಯಾಂಕಿನ ವ್ಯವಹಾರಗಳೂ ಇಂತಹ ವಂಶವೃಕ್ಷಗಳಿಂದ ಸಡಿಲವಾದವು.

ಮೃತರ ವಿಷಯದಲ್ಲಿ ಈ ಅಂಜಿಕೆಯಿಲ್ಲ. ಆದುದರಿಂದ ಬಾಂಧವ್ಯಸೂಚಕ ಗುರುತುಗಳು ಇಂದು ಅತ್ಯಂತ ಫಲಕಾರಿಯಾಗಿರುವುದು ಚರಿತ್ರೆಯ ಕ್ಷೇತ್ರದಲ್ಲಿ. 2012ರ ಅಕ್ಟೋಬರಿನಲ್ಲಿ ಆರಂಭವಾದ ವಿಕಿಡೇಟಾ ಎಂಬ ಸಾರ್ವಜನಿಕ ದತ್ತಾಂಶಕೋಶದಲ್ಲಿ ತಂದೆ, ತಾಯಿ, ಮಗು, ದಂಪತಿ, ಗುರು, ಶಿಷ್ಯ ಮೊದಲಾದ ಸಂಬಂಧಗಳನ್ನು ವ್ಯಕ್ತಿಯಿಂದ ವ್ಯಕ್ತಿಗೆ ಗುರುತಿಸಬಹುದು. ಪ್ರತಿಯೊಂದು ಹೇಳಿಕೆಗೂ ಆಧಾರವನ್ನು ಜೋಡಿಸಬಹುದು. ಅದರ ಹೆಸರುಗಳನ್ನು ಕನ್ನಡದಲ್ಲಿಯೂ ಬರೆಯಬಹುದು. ಮೊದಲು ಅದರಲ್ಲಿ ಸೋದರ, ಸೋದರಿ ಎಂದು ಎರಡು ಗುಣಗಳಿದ್ದು, ತರುವಾಯ ಅವನ್ನು ಒಂದೇ ಒಡಹುಟ್ಟಿನಲ್ಲಿ ಕೂಡಿಸಿದರು. ಪಂಪನಿಗೂ ಜಿನವಲ್ಲಭನಿಗೂ ನಡುವೆ ಅಲ್ಲಿ ಎಳೆಯಬಹುದಾದ ಗೆರೆಯು ಎರಡು ಕಡೆಯಿಂದಲೂ ಒಂದೇ ಆಗಿರುತ್ತದೆ. ಬಂಡೆಯ ಮೇಲಿನ 'ತಮ್ಮ' ಅದರಲ್ಲಿ ಹಿಡಿಯುವುದಿಲ್ಲ. ಆಧಾರವನ್ನು ಕೇಳುವುದರಲ್ಲಿ ಅದು ಎಕ್ಸ್‌ಎಫ್‌ಎನ್‌ಗಿಂತ ಮುಂದೆ ಹೋಗಿದೆ, ಪದದಲ್ಲಿ ಹತ್ತನೆಯ ಶತಮಾನಕ್ಕಿಂತ ಹಿಂದೆ ಉಳಿದಿದೆ.

ಹದಿನೆಂಟು ಪದಗಳಲ್ಲಿ ಇಂದಿಗೂ ಜೀವಂತವಾಗಿ ಬಳಕೆಯಲ್ಲಿರುವುದು ಕೊನೆಯದಾದ 'ನಾನೇ' ಎಂಬುದು. ಇದು ಬೇರೊಬ್ಬರ ಸಂಬಂಧವನ್ನು ಹೇಳುವುದಿಲ್ಲ. ಎರಡು ಬೇರೆ ಬೇರೆ ಪುಟಗಳ ಒಡೆಯನು ಒಬ್ಬನೇ ಎಂದು ಸಾರುತ್ತದೆ. ಮ್ಯಾಸ್ಟಡಾನ್ ಎಂಬ ತಾಣಸಮುದಾಯವು 2018ರಿಂದ ಇದನ್ನು ಗುರುತಿನ ಪರೀಕ್ಷೆಗಾಗಿ ಬಳಸುತ್ತಿದೆ. ಅಲ್ಲಿಯ ಪುಟದಿಂದ ಸ್ವಂತ ಪುಟಕ್ಕೆ ಕೊಂಡಿಯಿರಬೇಕು, ಸ್ವಂತ ಪುಟದಿಂದ ಅಲ್ಲಿಗೆ 'ನಾನೇ' ಎಂಬ ಗುರುತುಳ್ಳ ಕೊಂಡಿಯಿರಬೇಕು; ಎರಡೂ ಕೂಡಿದರೆ ಹೇಳಿಕೆ ದೃಢವಾಯಿತೆಂದು ಯಂತ್ರ ಒಪ್ಪುತ್ತದೆ. ಇಲ್ಲಿ ಒಪ್ಪಿಗೆ ಕೊಡಬೇಕಾದ ಎರಡನೆಯ ವ್ಯಕ್ತಿಯೇ ಇಲ್ಲವಾದ್ದರಿಂದ ಯಾರಿಗೂ ನೋವಿಲ್ಲ.

ಈ ಪರೀಕ್ಷೆಯನ್ನು ಕುರಿಕ್ಯಾಲಕ್ಕೆ ಒಡ್ಡಿದರೆ ಏನಾಗುತ್ತದೆ? ಪಂಪನು ವಿಕ್ರಮಾರ್ಜುನವಿಜಯದಲ್ಲಿ ತನ್ನ ತಂದೆಯನ್ನು ಅಭಿರಾಮದೇವರಾಯನೆಂದು ಕರೆದಿದ್ದಾನೆ. ಬಂಡೆಯ ಮೇಲೆ ತಂದೆಯ ಹೆಸರು ಭೀಮಪಯ್ಯ. ಹೆಸರನ್ನು ಮಾತ್ರ ನೋಡುವ ಯಂತ್ರಕ್ಕೆ ಇವರು ಇಬ್ಬರು. ವಿದ್ವಾಂಸರು ಇವರನ್ನು ಒಬ್ಬನೆಂದು ಒಪ್ಪಿದ್ದು ಸುತ್ತಲಿನ ಗೆರೆಗಳನ್ನು ಹಿಡಿದು: ಪೂರ್ವಜನಾದ ಅಭಿಮಾನಚಂದ್ರನು ಎರಡು ಕಡೆಯೂ ಇದ್ದಾನೆ, ಶ್ರೀವತ್ಸಗೋತ್ರವಿದೆ, ಅರಿಕೇಸರಿಯು ಕವಿಗೆ ಕೊಟ್ಟ ಧರ್ಮವುರವೆಂಬ ಅಗ್ರಹಾರದ ಮಾತಿದೆ, ಮತ್ತು ಕವಿಯ ಬಿರುದಾದ ಕವಿತಾಗುಣಾರ್ಣವವೇ ತಮ್ಮನು ಕಟ್ಟಿಸಿದ ಕೆರೆಗೆ ಹೆಸರಾಗಿದೆ. ಅಣ್ಣನ ಕಾವ್ಯದಿಂದ ತಮ್ಮನ ಕಡೆಗೆ ಮರುಕೊಂಡಿಯಿಲ್ಲ. ಎಕ್ಸ್‌ಎಫ್‌ಎನ್‌ನ ಲೆಕ್ಕದಲ್ಲಿ ಇದು ಇಂದಿಗೂ ಏಕಪಕ್ಷೀಯವಾದ ಹೇಳಿಕೆ. ಅಣ್ಣನ ಹೆಸರಿನ ಕೆರೆಯನ್ನು ಅಗೆಯಿಸಿ, ಮೂರು ಭಾಷೆಗಳನ್ನಾಡುವ ಜನರು ನೋಡಿ ಹೋಗುವ ಬಂಡೆಯ ಮೇಲೆ ಅದನ್ನು ಜಿನವಲ್ಲಭನು ಬರೆಯಿಸಿದಾಗ, ಸುಳ್ಳಾಗಿದ್ದರೆ ಅಲ್ಲಗಳೆಯಬಲ್ಲವರು ಸುತ್ತಲೂ ಇದ್ದರು.